ಬಳಸುಸಾಲಿನ ದಿನ್ನೆ

ಎರೆಗೊಪ್ಪದಿಂದ ಪಡುವಣಕ್ಕೆ ಹೊರಟರೆ ಕಣ್ಣು ಹರಿಯುವಷ್ಟು ದೂರ ಕಪ್ಪು ಎರೆಹೊಲ, ಅದರ ಮೇಲೆ ನೂಲು ಹಿಡಿದು ಎಳೆದಂಥ ನೇರ ಸಾಲುಗಳು. ಆದರೆ ನಡುಹೊಲದಲ್ಲಿ ಮೊಣಕಾಲೆತ್ತರದ ಹುಲ್ಲಿನ ದಿನ್ನೆಯೊಂದರ ಹತ್ತಿರ ಬರುತ್ತಲೇ ಆ ಸಾಲುಗಳೆಲ್ಲ ಬಾಗಿ, ಅದನ್ನು ಬಳಸಿ, ಆಚೆ ಮತ್ತೆ ನೇರವಾಗುತ್ತವೆ. ಬಿತ್ತಿದವನು ಕುಡಿದಿದ್ದನೇ ಎಂದು ಹೊಸಬರು ನಗುವುದುಂಟು. ಊರವರು ಬೇಸರಪಟ್ಟುಕೊಳ್ಳದೆ, ನಕ್ಕವರನ್ನು ಬದುವಿನ ಮೇಲೆ ಕೂರಿಸಿಕೊಂಡು ಬಾಳವ್ವನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯಲ್ಲಿ ನೇರ ಸಾಲೆಂದರೆ ಮನೆತನದ ಮಾನವಾಗಿತ್ತು. ಮುಂಗಾರು ಬಿತ್ತನೆಯ ದಿನ ಸುತ್ತಲ ಏಳೂರಿನ ಹಿರಿಯರು ನೋಡಿ, ಎಲ್ಲರಿಗಿಂತ ನೇರವಾಗಿ ಬೀಜ ಬಿತ್ತುವ ಕೂರಿಗೆ ಹೊಡೆದವನಿಗೆ ಬೆಳ್ಳಿಯ ಕಡಗ ತೊಡಿಸುತ್ತಿದ್ದರು. ಎರೆಗೊಪ್ಪದ ಅಡಿವೆಪ್ಪನ ಕೈಯಿಂದ ಅದು ಒಂಬತ್ತು ವರ್ಷ ಇಳಿದಿರಲಿಲ್ಲ. ಮುದುಕ ನಿದ್ದೆಯಲ್ಲೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದನಂತೆ. ಬಿತ್ತನೆಗೊಂದು ಕಟ್ಟಳೆಯೂ ಇತ್ತು. ಮೊದಲ ಕೂರಿಗೆಯ ಎತ್ತುಗಳ ಮುಂದೆ ಆ ಮನೆಯ ಮಗುವೊಂದು ನಡೆಯಬೇಕು, ಮಗು ಹೋದ ದಾರಿಯಲ್ಲೇ ಕೂರಿಗೆ ಹೋಗಬೇಕು, ಸಾಲು ಮುಗಿಯುವ ತನಕ ಎತ್ತು ನಿಲ್ಲಬಾರದು, ಯಾರೂ ಬಾಯಿ ಬಿಡಬಾರದು. ಆ ವರ್ಷದ ಸರದಿ ಅಡಿವೆಪ್ಪನ ಮೊಮ್ಮಗಳು, ಒಂಬತ್ತರ ಬಾಳವ್ವನದು.

ಎರಡು ದಿನ ಮೊದಲು ಆಡು ಮೇಯಿಸುವಾಗ ಬಾಳವ್ವ ಆ ದಿನ್ನೆಯ ಮೇಲೆ ಎರೆಭೂತವೆಂಬ ಹಕ್ಕಿ ಮೊಟ್ಟೆಗೆ ಕಾವು ಕೂತದ್ದನ್ನು ಕಂಡಿದ್ದಳು. ಅವಳ ಎದೆಯೆತ್ತರದ ಹಕ್ಕಿ ಅದು. ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಮೊಟ್ಟೆಯನ್ನು ಎತ್ತಿ ಬೇರೆಡೆ ಇಟ್ಟರೆ ತಾಯಿ ಅತ್ತ ಸುಳಿಯುವುದಿಲ್ಲವೆಂದು ಅವಳು ಕೇಳಿದ್ದಳು. ಮುತ್ಯಾ ಅಡಿವೆಪ್ಪನಿಗೆ ಹೇಳಿದರೆ, ಅಷ್ಟು ದೊಡ್ಡ ಹಕ್ಕಿಗೆ ಇನ್ನೊಂದು ಮೊಟ್ಟೆ ಇಡುವುದು ದೊಡ್ಡ ಮಾತೇ ಎಂದು ಅವನು ನಕ್ಕುಬಿಟ್ಟ. ದಿನ್ನೆ ಸರಿಯಾಗಿ ಅವನ ಸಾಲಿಗೆ ಅಡ್ಡವಾಗಿತ್ತು.

ಬಿತ್ತನೆಯ ದಿನ ಬಾಳವ್ವ ಎತ್ತುಗಳ ಮುಂದೆ ನಡೆದಳು. ಮುತ್ಯಾನ ಕಡಗ ನೆನೆದು ಅಳು ಬರುತ್ತಿತ್ತು. ದಿನ್ನೆಯ ಹುಲ್ಲಿನಲ್ಲಿ ಹಕ್ಕಿಯ ಉದ್ದ ಕತ್ತು ಕಂಡಿತು. ಹತ್ತು ಹೆಜ್ಜೆ ಉಳಿದಿದ್ದಾಗ ಅವಳು ಎಡಕ್ಕೆ ಹೊರಳಿದಳು. ಅಡಿವೆಪ್ಪನಿಗೆ ಕೂಗುವಂತಿಲ್ಲ, ಎತ್ತು ನಿಲ್ಲಿಸುವಂತಿಲ್ಲ. ಅವನ ಕೂರಿಗೆ ಹೊರಳಿತು, ಅದರ ಬೆನ್ನಿಗಿದ್ದ ಹನ್ನೊಂದು ಕೂರಿಗೆಗಳೂ ಹೊರಳಿದವು. ಸಾಲು ಮುಗಿಯುತ್ತಲೇ ಬದುವಿನ ಮೇಲೆ ನಿಂತವರದು ನಗೆಯೋ ನಗೆ. ಕಡಗ ಪಕ್ಕದೂರಿನವನ ಪಾಲಾಯಿತು.

ಸಾಲಿನ ಕೊನೆಯಲ್ಲಿ ಮುದುಕ, "ಯಾಕವ್ವಾ, ನನ್ನ ಮಾನ ಕಳದಿ?" ಎಂದು ಕೇಳಿದ.

"ಮುತ್ಯಾ, ನಮಗ ಬಿತ್ತಾಕ ಇಷ್ಟೆಲ್ಲಾ ಹೊಲ ಐತಿ. ಆ ಹಕ್ಕಿಗೆ ಅದೊಂದ ಜಾಗ."

ಮುದುಕ ತಿರುಗಿ ನೋಡಿದ. ಗದ್ದಲಕ್ಕೆ ಓಡಿಹೋಗಿದ್ದ ಹಕ್ಕಿ ಬಾಗಿದ ಸಾಲುಗಳ ನಡುವೆ ಹೆಜ್ಜೆ ಹಾಕುತ್ತ ಬಂದು ಮೊಟ್ಟೆಯ ಮೇಲೆ ಕೂತಿತು. ಅವನ ಸಿಟ್ಟು ಅಲ್ಲೇ ಇಳಿಯಿತು ಎನ್ನುತ್ತಾರೆ. ಮರುದಿನದಿಂದ ಊರ ಮಕ್ಕಳನ್ನು ಕಟ್ಟಿಕೊಂಡು ದಿನ್ನೆಯತ್ತ ನಾಯಿ, ದನ ಸುಳಿಯದಂತೆ ಕಾದವನು ಅವನೇ. ಮರಿ ಹೊರಬಂತು, ಬೆಳೆಯಿತು. ಸಜ್ಜೆ ತೆನೆ ಬಲಿಯುವ ಹೊತ್ತಿಗೆ ಒಂದು ಮುಂಜಾನೆ ತಾಯಿಯೊಡನೆ ಊರ ಮೇಲೆಯೇ ಹಾರಿತು. ಮಕ್ಕಳು ಓಣಿ ತುಂಬ ಕುಣಿದರು, ಮುದುಕನೂ ರುಮಾಲು ಬಿಚ್ಚಿ ಬೀಸಿದ.

ಸುದ್ದಿ ಏಳೂರಿನ ಮಕ್ಕಳಿಗೂ ಮುಟ್ಟಿತು. ಮರುವರ್ಷ ಬಿತ್ತನೆಗೆ ಮೊದಲು ಅವರು ಹೊಲಹೊಲ ತಿರುಗಿ, ಮೊಟ್ಟೆ ಕಂಡಲ್ಲೆಲ್ಲ ಬೇವಿನ ಟೊಂಗೆ ನೆಟ್ಟರು. ಬಿತ್ತನೆಯ ದಿನ ನೋಡಿದರೆ ಏಳೂರಲ್ಲಿ ಒಂದೂ ನೇರ ಸಾಲಿಲ್ಲ! ಹಿರಿಯರು ಕಡಗ ಹಿಡಿದುಕೊಂಡು ಪೆಚ್ಚಾಗಿ ನಿಂತರು. ಕೊನೆಗೆ ಅಡಿವೆಪ್ಪನೇ ಅದನ್ನು ಇಸಿದುಕೊಂಡು ಬಾಳವ್ವನ ಕೈಗೆ ತೊಡಿಸಿದ. ದೊಡ್ಡದಾಗಿ ಜಾರಿತೆಂದು ಅವಳು ತೋಳಿಗೆ ಏರಿಸಿಕೊಂಡಳು.

ಆ ದಿನ್ನೆಯನ್ನು ಇಂದಿಗೂ ಯಾರೂ ಬಿತ್ತಿಲ್ಲ. ಮುಂಗಾರು ಬಿತ್ತನೆಯ ದಿನ ಹೋದವರು ಹೊಲದ ತುಂಬ ನೆಟ್ಟ ಬೇವಿನ ಟೊಂಗೆಗಳನ್ನೂ, ಎತ್ತುಗಳ ಮುಂದೆ ತೋಳಿಗೆ ಬೆಳ್ಳಿಯ ಕಡಗ ಏರಿಸಿಕೊಂಡು ನಡೆಯುವ ಮಗುವನ್ನೂ ಕಾಣಬಹುದು. ಹಿರಿಯರು ಈಗಲೂ ಬದುವಿನ ಮೇಲೆ ನಿಂತು ಸಾಲು ನೋಡುತ್ತಾರೆ. ಯಾರ ಸಾಲು ಹೆಚ್ಚು ಸಲ ಬಾಗಿದೆಯೋ ಆ ಮನೆಯ ಮಗುವಿಗೆ ಕಡಗ.