ಸವಳಹಾಳದ ಪಾಪರ್ ಬಾವಿ

ಸವಳಹಾಳದಿಂದ ಪಡುವಣಕ್ಕೆ, ಎರೆಹೊಲಗಳ ನಡುವಿನ ಬಂಡಿದಾರಿ ಹಿಡಿದು ಅರ್ಧ ಹರದಾರಿ ನಡೆದರೆ ಒಂದು ಮೆಟ್ಟಿಲಬಾವಿ ಸಿಗುತ್ತದೆ. ಅದರ ಮೇಲಿನ ಇಪ್ಪತ್ತು ಮೆಟ್ಟಿಲುಗಳು ಕಡೆದ ಕರಿಕಲ್ಲಿನವು, ನಡುವೆ ಕೂದಲೆಳೆ ತೂರದಂತೆ ಒಂದಕ್ಕೊಂದು ಅಂಟಿ ಕೂತಿವೆ. ಅಲ್ಲಿಂದ ಕೆಳಗಿನವು ಹೊಲದ ಬದುವಿನಿಂದ ಆರಿಸಿ ತಂದ ಅಂಕುಡೊಂಕು ಕಲ್ಲುಗಳು; ಕಾಲಿಟ್ಟರೆ ಒಂದೆರಡು ಅಲುಗಾಡುತ್ತವೆ. ದಂಡೆಯ ಮೇಲೆ ಯಾರೋ ಭಕ್ತರು 'ಶ್ರೀ ಪಾಪಹರ ತೀರ್ಥ' ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದಾರೆ. ಅಮಾವಾಸ್ಯೆಗೆ ಸುತ್ತಲ ಊರುಗಳ ಜನ ಬಂದು ತಲೆಯ ಮೇಲೆ ನೀರು ಸುರಿದುಕೊಂಡು ಪಾಪ ಕಳೆದುಕೊಂಡೆವೆಂದು ಹಗುರಾಗಿ ಮನೆಗೆ ಹೋಗುತ್ತಾರೆ. ಊರ ಹಿರಿಯರು ಇದನ್ನು ನೋಡಿ ಮೀಸೆಯಲ್ಲೇ ನಗುತ್ತಾರೆ. ಅವರ ಬಾಯಲ್ಲಿ ಅದು ಅಂದಿಗೂ ಇಂದಿಗೂ ಪಾಪರ್ ಬಾವಿಯೇ. ಆ ಹೆಸರಿನಲ್ಲಿ ಪಾಪವೂ ಇಲ್ಲ, ಹರನೂ ಇಲ್ಲ. ಇರುವುದು ಕಡಲಾಚೆಯಿಂದ ಬಂದ ಒಂದು ಇಂಗ್ಲಿಷ್ ಮಾತು. ಮನುಷ್ಯ ಕೆಟ್ಟುಹೋದದ್ದನ್ನು ಹೇಳಲು ನಮ್ಮಲ್ಲೇನು ಮಾತಿಗೆ ಬರವಿತ್ತೇ? ದಿವಾಳಿ ತೆಗೆದ, ಮೂರಾಬಟ್ಟೆಯಾದ, ಬೀದಿಗೆ ಬಿದ್ದ, ಗುಡಿಸಿ ಗುಂಡಾಂತರವಾದ ಎಂದು ಬೇಕಾದಷ್ಟಿದ್ದವು. ಆದರೂ ಈ ಒಂದು ಮಾತು ಹಲಗೆ ಬಾರಿಸಿಕೊಂಡು ಊರೊಳಗೆ ಬಂತು, ಬಂದದ್ದು ಹೋಗಲೇ ಇಲ್ಲ.

ಹಿಂದೆ ಒಮ್ಮೆ, ದೂರ ದೇಶದಲ್ಲಿ ನಡೆದ ಯಾವುದೋ ಯುದ್ಧದಿಂದಾಗಿ ನಮ್ಮ ಎರೆನೆಲದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು ಎನ್ನುತ್ತಾರೆ. ಆಗ ಸವಳಹಾಳದಲ್ಲಿ ಮುರಿಗೆಪ್ಪನೆಂಬ ಹತ್ತಿ ವ್ಯಾಪಾರಿಯಿದ್ದ. ಅವನು ಹೊಳೆಬಿದರಿಯ ಹೆಣ್ಣು ಕಾಶವ್ವನನ್ನು ಮದುವೆಯಾಗಿ ಕರೆತಂದ. ಹೊಳೆಯ ದಂಡೆಯಲ್ಲಿ ಹುಟ್ಟಿ, ಬೊಗಸೆಯೊಡ್ಡಿದರೆ ಸಿಹಿನೀರು ಕುಡಿದು ಬೆಳೆದವಳು ಅವಳು. ಸವಳಹಾಳದ ನೀರೋ, ಹೆಸರೇ ಹೇಳುವಂತೆ ಬರೀ ಸವಳು, ಉಪ್ಪುಪ್ಪು. ಅದರಲ್ಲಿ ಬೇಳೆ ಬೇಯುವುದಿಲ್ಲ, ತಲೆಗೂದಲು ಜಡೆಗಟ್ಟುತ್ತದೆ, ಎಷ್ಟು ಕುಡಿದರೂ ಗಂಟಲು ಇನ್ನೂ ಬೇಡುತ್ತದೆ. ಹೊಸ್ತಿಲು ದಾಟಿ ಬಂದ ದಿನ ಕೊಟ್ಟ ಮೊದಲ ಗುಟುಕನ್ನು ಕಾಶವ್ವ ನುಂಗಲೂ ಆರದೆ ಉಗುಳಲೂ ಆರದೆ ಬಾಯಲ್ಲಿಟ್ಟುಕೊಂಡು ನಿಂತಳಂತೆ. ಆ ಮನೆಯಲ್ಲಿ ಅವಳಿಗೆ ಬಂಗಾರಕ್ಕೆ, ಸೀರೆಗೆ ಕೊರತೆಯಿರಲಿಲ್ಲ. ಆದರೂ ಪ್ರತಿದಿನ ಕೊಡ ಎತ್ತುವಾಗ ಅವಳ ಮನಸ್ಸು ಹೊಳೆಯ ಕಡೆ ಹೊರಳುತ್ತಿತ್ತು. ಯಾರ ಮುಂದೆಯೂ ಅವಳು ಆ ಮಾತು ಆಡಲಿಲ್ಲ. ಮುರಿಗೆಪ್ಪ ಮಾತ್ರ ಅವಳು ಮಳೆ ಬಂದಾಗ ಸೂರಿನಡಿ ತಂಬಿಗೆ ಹಿಡಿದು ನಿಲ್ಲುವುದನ್ನು ನೋಡಿದ್ದ. ಒಂದು ಯುಗಾದಿಯ ಬೆಳಿಗ್ಗೆ ಅವನು, "ನಿನಗ ಸೀ ನೀರ ಕುಡಸ್ತೀನಿ. ನಾ ಮಾತು ಕೊಟ್ಟೆ ಅಂತ ತಿಳಕೋ" ಎಂದ.

ಪಡುವಣದ ಹೊಲದಲ್ಲಿ ಬಾವಿಗೆ ಗುದ್ದಲಿ ಬಿತ್ತು. ದೂರದಿಂದ ಕಲ್ಲುಕುಟಿಗರು ಬಂದರು, ಕರಿಕಲ್ಲು ಬಂತು, ತೋಡಿದಷ್ಟೂ ಮೆಟ್ಟಿಲು ಇಳಿಯಿತು. ಹತ್ತು ಮೆಟ್ಟಿಲಿಗೆ ನೀರಿಲ್ಲ, ಹದಿನೈದಕ್ಕೆ ಬಂಡೆ. ಅಷ್ಟರಲ್ಲಿ ದೂರದ ಯುದ್ಧ ನಿಂತಿತು. ಯುದ್ಧ ನಿಂತರೆ ಲೋಕಕ್ಕೆ ಸುಖ, ಹತ್ತಿ ತುಂಬಿಟ್ಟುಕೊಂಡವನಿಗೆ ಶೂಲ. ಬೆಲೆ ಬಿದ್ದು ಹತ್ತಿ ತುಂಬಿದ ಅಂಡಿಗೆಗಳು ಮನೆಯಲ್ಲೇ ಕೂತವು. ಬೇರೆಯವರಾಗಿದ್ದರೆ ಮೊದಲು ಬಾವಿ ನಿಲ್ಲಿಸುತ್ತಿದ್ದರು; ಮುರಿಗೆಪ್ಪ ಎಲ್ಲವನ್ನೂ ನಿಲ್ಲಿಸಿ ಬಾವಿಯೊಂದನ್ನು ನಡೆಸಿದ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯಿದೆ. ನಿಂತು ತೋಡುವವನಿಗೂ ಸಾಲುವುದಿಲ್ಲ ಎಂಬುದನ್ನು ಗಾದೆ ಕಟ್ಟಿದವರು ಹೇಳಲು ಮರೆತರು. ಇಪ್ಪತ್ತನೆಯ ಮೆಟ್ಟಿಲು ಕೂರಿಸಿದ ದಿನ, ಕೂಲಿ ಹುಟ್ಟದೆ, ಕಲ್ಲುಕುಟಿಗರು ತಮ್ಮ ಉಳಿ ಸುತ್ತಿಗೆ ಕಟ್ಟಿಕೊಂಡು ಹೊರಟುಹೋದರು.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಕೋರ್ಟಿನ ಅಮೀನ ಬಂದ. ಹಲಗೆ ಬಾರಿಸಿ, ಕಾಗದ ಬಿಚ್ಚಿ, "ಸವಳಹಾಳದ ಮುರಿಗೆಪ್ಪ ಇಂದಿನಿಂದ ಪಾಪರ್" ಎಂದು ಮೂರು ಸಲ ಕೂಗಿದ. ಮನೆ ಹೋಯಿತು, ಹೊಲ ಹೋಯಿತು, ಎತ್ತು ಬಂಡಿ ಹೋದವು. ಪಡುವಣದ ಬಾವಿಯ ತಗ್ಗಿಗೂ ಹರಾಜಿನ ಸವಾಲು ಕೂಗಿಸಿದರು. ನೀರಿಲ್ಲದ ಬಾವಿಯನ್ನು ಯಾರು ಕೊಂಡಾರು? ಜನ ನಕ್ಕರು. ಅಮೀನ ಅದನ್ನೂ ಒಂದು ಗುದ್ದಲಿಯನ್ನೂ ಗಂಡಹೆಂಡತಿಗೇ ಬಿಟ್ಟುಹೋದ. ಹಲಗೆಯ ಸದ್ದು ಅಡಗಿದ ಮೇಲೆ ಕಾಶವ್ವ, "ಪಾಪರ್ ಅಂದ್ರ ಏನ್ರೀ?" ಎಂದು ಗಂಡನನ್ನು ಕೇಳಿದಳು. ಮುರಿಗೆಪ್ಪ ನೆಲ ನೋಡುತ್ತ, "ಪಾಪ ಹರೀತು ಅಂತ. ಹಿಂದಿಂದೆಲ್ಲಾ ತೊಳದ ಹೋತು ಅಂತ ಸರಕಾರ ಬರಕೊಟ್ಟೈತಿ" ಎಂದ. ಕಾಶವ್ವ ಹಳ್ಳಿಯ ಹೆಣ್ಣಾದರೂ ದಡ್ಡಿಯಲ್ಲ. ಬರಿದಾದ ಪಡಸಾಲೆ ಕಣ್ಣೆದುರೇ ಇತ್ತು. ಆದರೂ "ಛಲೋ ಆತು ಬಿಡ್ರಿ" ಎಂದು ಅವನ ಪಕ್ಕದಲ್ಲಿ ಕೂತಳು. ಅವನ ಮೇಲೆ ಅವಳಿಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಸುದ್ದಿ ಕೇಳಿ ಹೊಳೆಬಿದರಿಯಿಂದ ಅವಳ ಅಣ್ಣ ಬಾಳಪ್ಪ ಬಂಡಿ ಕಟ್ಟಿಕೊಂಡು ಬಂದ. ಗಂಡಹೆಂಡತಿ ಆಗ ಬಾವಿಯ ದಂಡೆಯಲ್ಲೇ ಒಂದು ಗುಡಿಸಲು ಹಾಕಿಕೊಂಡಿದ್ದರು. ಬಾಳಪ್ಪ ತಂಗಿಗೆಂದು ಹಿತ್ತಾಳೆಯ ಬಿಂದಿಗೆಯಲ್ಲಿ ಹೊಳೆಯ ನೀರು ತಂದಿದ್ದ. ಕಾಶವ್ವ ಒಂದು ಬೊಗಸೆ ಕುಡಿದು ಕಣ್ಣು ಮುಚ್ಚಿದಳು. ಅವ್ವನ ಅಂಗಳ, ಹೊಳೆಯ ಮರಳು, ಜೊತೆಯ ಹುಡುಗಿಯರ ನಗು ಎಲ್ಲ ಗಂಟಲಲ್ಲಿ ಇಳಿದವು. ಹೋಗಬೇಕೆನಿಸಿತು. ಆ ಕ್ಷಣ ಎದ್ದು ಬಂಡಿಯಲ್ಲಿ ಕೂತುಬಿಡಬೇಕೆನಿಸಿತು. "ಏಳು ತಂಗಿ, ಪಾಪರಾದವನ ಕೂಡ ಏನ ಉಂಡೀಯ? ಹೊಳಿ ಅಲ್ಲೇ ಐತಿ, ನಿನ್ನ ಮನಿ ಅಲ್ಲೇ ಐತಿ" ಎಂದ ಬಾಳಪ್ಪ. ಕಾಶವ್ವ ತಗ್ಗಿನೊಳಗೆ ಒಬ್ಬನೇ ಮಣ್ಣು ಹೊರುತ್ತಿದ್ದ ಗಂಡನನ್ನು ನೋಡಿದಳು. "ಅಣ್ಣಾ, ಅದು ನನ್ನ ಸಲುವಾಗಿ ತೋಡೂ ಬಾವಿ. ನಾ ಬಂದ್ನೆಂದ್ರ ಅದು ಬರೇ ತಗ್ಗು" ಎಂದಳು. ಬಂಡಿ ಬರಿದೇ ಹೋಯಿತು. ಬಿಂದಿಗೆಯಲ್ಲಿ ಉಳಿದ ನೀರನ್ನು ಅವಳು ಗಂಡನಿಗೆ ಕುಡಿಸಿದಳು. ಸವಳು ನೀರಿನಲ್ಲೇ ಹುಟ್ಟಿ ಬೆಳೆದ ಮುರಿಗೆಪ್ಪ ಸಿಹಿನೀರೆಂದರೆ ಏನೆಂದು ಅಂದೇ ತಿಳಿದ. ಇವಳು ಏನು ಬಿಟ್ಟು ಬಂದಿದ್ದಾಳೆಂಬುದು ಅವನಿಗೆ ಆಗ ಹೊಳೆದಿರಬೇಕು.

ಆಮೇಲೆ ಇಬ್ಬರೂ ಸೇರಿ ತೋಡಿದರು. ಅವನು ಅಗೆದರೆ ಅವಳು ಬುಟ್ಟಿ ಹೊತ್ತಳು. ಹೊಟ್ಟೆಪಾಡಿನ ಕೂಲಿಯಿಲ್ಲದ ದಿನಗಳಲ್ಲಿ ಬದುಗಳಿಂದ ಕಲ್ಲು ಆರಿಸಿ ತಂದು ಕೆಳಗಿನ ಮೆಟ್ಟಿಲು ಕಟ್ಟಿದರು. ದಾರಿಹೋಕರು 'ಪಾಪರ್ ಬಾವಿಗೆ ನೀರು ಬಂತೇನ್ರೀ?' ಎಂದು ಗೇಲಿ ಮಾಡುತ್ತ ಮಾಡುತ್ತ ಅದೇ ಹೆಸರಾಗಿ ನಿಂತಿತು. ಹೀಗೆ ಮೂರು ಬೇಸಿಗೆ ಕಳೆದವು. ನಾಲ್ಕನೆಯ ಬೇಸಿಗೆಯಲ್ಲಿ, ಹೊತ್ತು ನೆತ್ತಿಗೇರಿದ್ದಾಗ, ಗುದ್ದಲಿಯ ಬಾಯಿಗೆ ಒದ್ದೆ ಮಣ್ಣು ಬಂತು. ನೋಡನೋಡುತ್ತಿದ್ದಂತೆ ಮೊಳಕಾಲುದ್ದ ನೀರು ನಿಂತಿತು. ಮುರಿಗೆಪ್ಪ ಕೆಸರು ತಿಳಿಯಾಗುವವರೆಗೆ ಕಾದ. ತಾನು ತುಟಿಗೆ ಮುಟ್ಟಿಸದೆ ಮೊದಲ ಬೊಗಸೆಯನ್ನು ಹೆಂಡತಿಯ ಬಾಯಿಗೆ ಹಿಡಿದು, "ಹೆಂಗೈತಿ?" ಎಂದು ಕೇಳಿದ. ನಾಲಿಗೆಗೆ ತಾಗಿದೊಡನೆ ಕಾಶವ್ವನಿಗೆ ತಿಳಿಯಿತು, ಅದೇ ಸವಳು. ಊರಿನ ನೀರಿಗಿಂತ ಒಂದು ಹನಿ ಹೆಚ್ಚೇ. ಇನ್ನು ಈ ಜನ್ಮದಲ್ಲಿ ಹೊಳೆಯಿಲ್ಲ ಎಂದು ಅವಳ ಎದೆ ಕುಸಿಯಿತು. ಅವಳು ಪೂರ್ತಿ ನುಂಗಿ, ಸೆರಗಿನಿಂದ ಬಾಯೊರೆಸಿಕೊಂಡು, "ಸೀ ಐತ್ರಿ" ಎಂದಳು. ಮುರಿಗೆಪ್ಪ ತಾನೂ ಒಂದು ಬೊಗಸೆ ಕುಡಿದ. ಅವಳ ಮುಖ ನೋಡಿ, "ಹೌದು, ಸೀ ಐತಿ" ಎಂದ. ಸಾಯುವತನಕ ಇಬ್ಬರೂ ಆ ನೀರನ್ನೇ ಕುಡಿದರು, ಆ ಮಾತನ್ನು ಒಬ್ಬರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪಾಪ ತೊಳೆಯಲು ಬರುವವರು ನೀರನ್ನು ತಲೆಗೆ ಸುರಿದುಕೊಂಡು ಹೋಗುತ್ತಾರೆ, ಅದರ ರುಚಿ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸವಳಹಾಳದ ಸೊಸೆಯಂದಿರಿಗೆ. ಮದುವೆಯಾಗಿ ಬಂದ ಹೆಣ್ಣನ್ನು ಗಂಡ ಈ ಮೆಟ್ಟಿಲಿಳಿಸಿ ಕರೆತಂದು, ಬೊಗಸೆಯಲ್ಲಿ ನೀರು ಹಿಡಿದು "ಹೆಂಗೈತಿ?" ಎಂದು ಕೇಳುವ ಪದ್ಧತಿ ಇಂದಿಗೂ ಇದೆ. ಆ ಹೊತ್ತಿಗೆ ಹೋದವರು, ಹೊಳೆಯ ಕಡೆಯಿಂದ ಬಂದ ಎಳೆಯ ಹೆಣ್ಣುಗಳು ಗುಟುಕು ನುಂಗಲಾರದೆ ಕಣ್ಣು ತುಂಬಿಕೊಂಡು ನಿಲ್ಲುವುದನ್ನು ನೋಡಬಹುದು. ಆದರೆ ಸವಳು ಎಂದು ಬಾಯಿಬಿಟ್ಟು ಹೇಳಿದವಳನ್ನು ಈವರೆಗೆ ಯಾರೂ ಕಂಡಿಲ್ಲ ಎನ್ನುತ್ತಾರೆ.