ಹಸಿರು ಗೆರೆಯೊಳಗೆ ಪಾತಲಿಂಗ

ಓಬಳಮ್ಮನಿಗೆ ಒಬ್ಬನೇ ಮಗ, ಪಾತಲಿಂಗ. ವಯಸ್ಸು ಇಪ್ಪತ್ತೆಂಟು, ಎಮ್ಮೆಯಂಥ ಮೈ, ಹಾಲಿನಂಥ ಮನಸ್ಸು, ತಲೆಯೊಳಗೆ ಮಾತ್ರ ದೇವರು ಏನೋ ಇಡೋಕೆ ಮರೆತಿದ್ದ. ಹೇಳಿದ್ದು ಮಾಡ್ತಾನೆ. ಹೇಳಿದಷ್ಟೇ ಮಾಡ್ತಾನೆ. ಕಷ್ಟ ಇರೋದೇ ಅಲ್ಲಿ. ಒಲೆ ಮೇಲಿನ ಹಾಲು ನೋಡ್ಕೊಳ್ಳೋ ಅಂದರೆ, ಅದು ಉಕ್ಕಿ ಒಲೆ ಆರೋ ತನಕ ನೋಡ್ತಾನೇ ಕೂತಿರ್ತಾನೆ.

ಓಬಳಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಸ ಗುಡಿಸೋಳು. ಮೂರು ತಿಂಗಳಿಂದ ಕೆಮ್ಮು. ಸೆರಗು ಬಾಯಿಗಿಟ್ಟು ಕೆಮ್ಮೋಳೇ ಹೊರತು ಯಾರಿಗೂ ಹೇಳೋಳಲ್ಲ. ನಾನು ಹೋದರೆ ಇವನಿಗೆ ಮುದ್ದೆ ತೊಳಸೋರು ಯಾರು ಅನ್ನೋದೊಂದೇ ಚಿಂತೆ. ಎಕ್ಸ್‌ರೇ ಕೋಣೆಯ ಶೈನಾಜ್ ಮೇಡಮ್‌ರ ಕೈಕಾಲು ಹಿಡಿದು, ಮಗನನ್ನ ಹತ್ತು ದಿನದ ಮಟ್ಟಿಗೆ ಆಳಾಗಿ ಸೇರಿಸಿದಳು. ಚೆನ್ನಾಗಿ ಮಾಡಿದರೆ ಉಳಿಸ್ಕೊಳ್ತೀನಿ, ಇಲ್ಲಾಂದರೆ ಮನೆಗೆ ಅಂದರು ಮೇಡಮ್.

ಆ ಕೋಣೆಗೆ ಹೊಸ ಮಿಷನ್ನು ಬಂದಿತ್ತು. ಮೇಲೊಂದು ಕ್ಯಾಮೆರಾ. ಮುಂದೆ ನಿಂತೋರನ್ನ ಅದು ನೋಡಿ, ಟೀವಿಯಂಥ ಪರದೆ ಮೇಲೆ ಮೈಸುತ್ತ ಗೆರೆ ಎಳೆಯೋದು. ಸೊಟ್ಟ ನಿಂತರೆ ಕೆಂಪು ಗೆರೆ, ನೆಟ್ಟಗೆ ನಿಂತರೆ ಹಸಿರು. ಹಸಿರಾದ ಕೂಡಲೇ ಮೇಡಮ್ ಗೋಡೆಯಾಚೆ ಕೂತು ಗುಂಡಿ ಒತ್ತೋರು. ರೋಗಿಯನ್ನ ನೆಟ್ಟಗೆ ನಿಲ್ಲಿಸೋದು ಪಾತಲಿಂಗನ ಕೆಲಸ. ಹಸಿರು ಬರೋ ತನಕ ಕೈಬಿಡಬೇಡ ಅಂತ ಹೇಳಿಕೊಟ್ಟರು.

ಮೊದಲ ದಿನವೇ ಬಂದೋನು ಅಕ್ಕಿ ಮಿಲ್ಲಿನ ಗುರುಶಾಂತಪ್ಪ. ಎದೆ ಒತ್ತಿ ನಿಲ್ಲಬೇಕಾದ ಮಿಷನ್ನಿನ ಹಲಗೆಗೆ ಹೊಟ್ಟೆಯೇ ಮೊದಲು ತಗಲೋದು, ಎದೆ ಹಿಂದೇ ಉಳಿಯೋದು. ಕೆಂಪು, ಕೆಂಪು. ಪಾತಲಿಂಗ ಹಿಂದಿನಿಂದ ತಬ್ಬಿ ಹಿಡಿದ. ಅಷ್ಟರಲ್ಲಿ ಕರೆಂಟು ಹೋಯ್ತು. ಮೇಡಮ್ ಟೀ ಕುಡಿಯೋಕೆ ಹೋದರು. ಪರದೆಯೇ ಕಪ್ಪಾದ ಮೇಲೆ ಹಸಿರು ಎಲ್ಲಿಂದ ಬರಬೇಕು? ಒಂದು ಗಂಟೆ ಹೊತ್ತು ಅವನು ಕೈಬಿಡಲಿಲ್ಲ. ಗಂಡ ಇನ್ನೂ ಬರಲಿಲ್ಲವಲ್ಲ ಅಂತ ಗುರುಶಾಂತಪ್ಪನ ಹೆಂಡತಿ ಹುಡುಕಿಕೊಂಡು ನೆಟ್ಟಗೆ ಬಸ್‌ಸ್ಟ್ಯಾಂಡ್ ಹಿಂದಿನೋಳ ಮನೆಗೇ ಹೋಗಿ ಬಾಗಿಲು ಬಡಿದಳು. ಆ ಮನೆಯ ದಾರಿ ಅವಳಿಗೆ ಗೊತ್ತಿದೆ ಅಂತ ಊರಿಗೆ ಗೊತ್ತಾಗಿದ್ದೇ ಅವತ್ತು.

ಮೇಡಮ್ ಬೈದರು. ಜನರನ್ನ ಹಾಗೆ ಅಮುಕಬಾರದು, ಮೊದಲು ನೋವು ಎಲ್ಲಿದೆ ಅಂತ ಕೇಳು, ನೋವಿರೋದನ್ನ ಕ್ಯಾಮೆರಾ ಮುಂದೆ ತಂದು ನಿಲ್ಲಿಸು ಅಂದರು. ಮನೇಲಿ ಓಬಳಮ್ಮನೂ ಅದನ್ನೇ ಹತ್ತು ಸಲ ಹೇಳಿಸಿ, ಬೈದು, ಬೈದ ಬಾಯಲ್ಲೇ ಇನ್ನೊಂದು ಮುದ್ದೆ ಹಾಕಿದಳು.

ಮೂರನೇ ದಿನ ಟೈಲರ್ ರುದ್ರೇಶಿ ಹೆಂಡತಿ ಪಾರಿಜಾತ ಬಂದಳು. ನೋವು ಎಲ್ಲಿದೆ ಅಕ್ಕ ಅಂತ ಕೇಳಿದ. ಅವಳು ನಿಟ್ಟುಸಿರುಬಿಟ್ಟು, "ನನ್ನ ನೋವೆಲ್ಲ ಆಚೆ ಬೆಂಚಿನ ಮೇಲೆ ಕೂತದೆ ಕಣಪ್ಪ, ನಮ್ಮತ್ತೆ" ಅಂದಳು.

ಪಾತಲಿಂಗ ಆಚೆ ಹೋದ. ಎಲೆಅಡಿಕೆ ಜಗೀತಿದ್ದ ಅತ್ತೆ ಸಿದ್ದಗಂಗಮ್ಮನನ್ನ ಕೈಹಿಡಿದು ಕರ್ಕೊಂಡು ಬಂದು, ಕ್ಯಾಮೆರಾ ಮುಂದೆ ನಿಲ್ಲಿಸಿದ. ನಾನ್ಯಾಕೆ ಅಂತ ಅವಳು ಕೇಳಿದಳು. ಸೊಸೆಯ ನೋವು ನೀನೇ ಅಂತೆ ಅಂದ. ಆಮೇಲೆ ನಡೆದದ್ದನ್ನ ಹೇಳಬಾರದು, ಆದರೂ ಹೇಳ್ತೀನಿ. ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದೆ, ಮಜ್ಜಿಗೆಗೆ ನೀರು ಬೆರೆಸೋರು ಯಾರು, ರುದ್ರೇಶಿ ಯಾರ ಮಂಚದ ಪಕ್ಕ ಮಲಗ್ತಾನೆ, ಎಲ್ಲ ಹೊರಬಿತ್ತು. ರೋಗಿಗಳು ಸರದಿ ಬಿಟ್ಟು ಬಾಗಿಲಿಗೆ ಬಂದು ನಿಂತರು.

ಮೇಡಮ್ ತಲೆ ಚಚ್ಚಿಕೊಂಡು, ಯಾರನ್ನೂ ಮಾತಾಡಿಸಬೇಡ, ಯಾರನ್ನೂ ಮುಟ್ಟಬೇಡ, ನೀನೇ ಕ್ಯಾಮೆರಾ ಮುಂದೆ ನಿಂತು ತೋರಿಸು, ನೋಡಿ ಕಲೀತಾರೆ ಅಂದರು. ಇದೇ ಕೊನೆ ಸಲ ಅಂತಲೂ ಅಂದರು.

ಇದು ಚೆನ್ನಾಗೇ ನಡೀತು. ಅವನು ಭುಜ ಮುಂದೆ ಮಾಡಿ, ಗದ್ದ ಎತ್ತಿ ತೋರಿಸೋದು, ಹಸಿರು ಬರೋ ಮೊದಲೇ ಪಕ್ಕಕ್ಕೆ ಸರಿಯೋದು, ಮುದುಕರೂ ಹಾಗೇ ನಿಲ್ಲೋದು, ಹಸಿರು ಬರೋದು.

ಒಂಬತ್ತನೇ ದಿನ ಓಬಳಮ್ಮ ಗುಡಿಸ್ತಾ ಗುಡಿಸ್ತಾ ಕೆಮ್ಮಿ ಕೆಮ್ಮಿ ಕುಸಿದಳು. ಡಾಕ್ಟರು ಎದೆ ಎಕ್ಸ್‌ರೇಗೆ ಚೀಟಿ ಬರೆದರು. ಪಾತಲಿಂಗ ನಿಂತು ತೋರಿಸಿದ. ಅವಳು ಏಳೋಕಾಗದೆ ಸ್ಟೂಲಿನ ಮೇಲೇ ಕೂತಳು. ಅವ್ವ ಇನ್ನೂ ಕಲೀಲಿಲ್ಲ ಅಂತ ಅವನು ತೋರಿಸ್ತಾನೇ ನಿಂತ. ಪರದೆ ಹಸಿರಾಯ್ತು. ಗೋಡೆಯಾಚೆ ಮೇಡಮ್ ಗುಂಡಿ ಒತ್ತಿದರು.

ಓಬಳಮ್ಮನ ಹೆಸರು ಹೊತ್ತ ಫಿಲ್ಮನ್ನ ಡಾಕ್ಟರು ಬೆಳಕಿಗೆ ಹಿಡಿದು, ಎದೆ ಕಲ್ಲಿನ ಹಾಗಿದೆ, ಏನೂ ಇಲ್ಲ, ಹೋಗಮ್ಮ ಅಂದರು. ಓಬಳಮ್ಮನೂ ನೋಡಿದಳು. ಹೆಗಲ ಮೂಳೆ ಮೇಲೊಂದು ಗಂಟು. ಏಳು ವರ್ಷದವನಿದ್ದಾಗ ಹುಣಸೆಮರದಿಂದ ಬಿದ್ದು ಮುರಿದ ಮೂಳೆ, ಅವಳೇ ಪಟ್ಟು ಹಾಕಿಸಿ ತಿಂಗಳುಗಟ್ಟಲೆ ನೀವಿದ ಮೂಳೆ. ಅಕ್ಷರ ಬಾರದೋಳಿಗೂ ಅದು ಯಾರ ಎದೆ ಅಂತ ಗೊತ್ತಾಯ್ತು. ಹೇಳಿದರೆ ಮಗನ ಕೆಲಸ ಹೋಗುತ್ತೆ. ಬರ್ತೀನಿ ಸ್ವಾಮಿ ಅಂತ ಎದ್ದಳು.

"ಸ್ವಾಮಿ, ಅದು ನಂದು," ಅಂದ ಪಾತಲಿಂಗ. ಅವ್ವ ತೊಡೆ ಚಿವುಟಿದಳು. ಅವನು ತೊಡೆ ಉಜ್ಜಿಕೊಂಡು ಮುಂದುವರಿಸಿದ: "ಅವ್ವ ಕೂತಿದ್ದಳು. ನಿಂತಿದ್ದೋನು ನಾನು."

ಫಿಲ್ಮು ತಂದುಕೊಟ್ಟು ಅಲ್ಲೇ ನಿಂತಿದ್ದ ಮೇಡಮ್ ಮುಖವನ್ನ ಡಾಕ್ಟರು ನೋಡಿದರು. ಮೇಡಮ್ ಫಿಲ್ಮು ಇಸ್ಕೊಂಡು ತಾವೇ ಬೆಳಕಿಗೆ ಹಿಡಿದರು. ಓಬಳಮ್ಮ ಅವರ ಕಾಲಿಗೆ ಬಾಗಿದಳು, ಇವನನ್ನ ತೆಗೀಬೇಡಿ ತಾಯಿ ಅಂತ.

"ಏಳಮ್ಮ," ಅಂದರು ಮೇಡಮ್. "ಯಾರು ನಿಂತರೂ ಹಸಿರು ತೋರಿಸೋ ಮಿಷನ್ನು ಒಂದು ಪೆದ್ದು. ಎದ್ದು ನೋಡದೆ ಗುಂಡಿ ಒತ್ತಿದ ನಾನೊಂದು. ಮೂವರಲ್ಲಿ ನಿಜ ಹೇಳಿದೋನು ಇವನೊಬ್ಬ. ಇವನು ಇಲ್ಲೇ ಇರ್ತಾನೆ."

ಮತ್ತೆ ಎಕ್ಸ್‌ರೇ ತೆಗೆದರು. ಈ ಸಲ ಮೇಡಮ್ಮೇ ಬಂದು ಓಬಳಮ್ಮನನ್ನ ಹಿಡಿದು ನಿಲ್ಲಿಸಿದರು. ಬಲಗಡೆ ಪಕ್ಕೆಯೊಳಗೆ ಬೆಳ್ಳಗೆ ಮಚ್ಚೆ. ಹೊತ್ತಿಗೆ ಸರಿಯಾಗಿ ಸಿಕ್ಕಿತು, ಮಾತ್ರೆ ತಪ್ಪಿಸದೆ ನುಂಗಿದರೆ ಕರಗುತ್ತೆ ಅಂದರು ಡಾಕ್ಟರು. ಫಿಲ್ಮಿನ ಮೇಲೆ ಬೆರಳಿಟ್ಟು ಪಾತಲಿಂಗನಿಗೂ ಹೇಳಿದರು: ನೋಡು, ನಿಮ್ಮವ್ವಂಗೆ ಇಲ್ಲಿ ಕಫ ಕಟ್ಟಿದೆ, ಮನೇಲಿ ಇಲ್ಲಿಗೆ ಎಣ್ಣೆ ಬೆಚ್ಚಗೆ ಮಾಡಿ ಉಜ್ಜಿ, ಕಂಬಳಿ ಹೊದಿಸು. ಅವನು ಫಿಲ್ಮನ್ನ ಎದೆಗವಚಿಕೊಂಡು ಮನೆಗೆ ಓಡಿದ.

ಓಬಳಮ್ಮ ಮಾತ್ರೆಯ ಸರದಿ ಮುಗಿಸಿ, ಅಲ್ಲಲ್ಲಿ ಕೂತು ಎದ್ದು ಮನೆ ಸೇರಿದಳು. ಅವಳ ಚಾಪೆ ಹಾಸಿತ್ತು. ಚಾಪೆಯ ಮೇಲೆ ಎಕ್ಸ್‌ರೇ ಫಿಲ್ಮು ಮಲಗಿತ್ತು, ತಲೆಯ ಜಾಗಕ್ಕೆ ದಿಂಬು, ಅರ್ಧಕ್ಕೆ ಕಂಬಳಿ. ಪಾತಲಿಂಗ ಪಕ್ಕದಲ್ಲಿ ಕೂತು ಎಣ್ಣೆ ಅದ್ದಿ ಅದ್ದಿ ಆ ಬಿಳೀ ಮಚ್ಚೆಯನ್ನೇ ಉಜ್ಜುತಿದ್ದ.

ಬೈಯೋಕೆ ಅಂತ ಬಾಯಿ ತೆಗೆದಳು. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಬೈಗುಳ ಸಿಗಲಿಲ್ಲ. ಮೆಲ್ಲಗೆ ಬಂದು ಫಿಲ್ಮಿನ ಪಕ್ಕ ಒರಗಿದಳು.

"ಮೆತ್ತಗೆ ಉಜ್ಜೋ ಮಗನೇ," ಅಂದಳು, "ನೋಯ್ತದೆ."