ಒದ್ದೆ ಮಲ್ಲಿಗೆಯ ಸುದ್ದಿ

“ಆಪಾ, ಪರಧರ್ಮದವರನ್ನು ದ್ವೇಷಿಸಬೇಡಿ ಎಂದು ಮಕ್ಕಳಿಗೆ ಫೋನಿನಲ್ಲೇ ಪಾಠ ಹೇಳುತ್ತೇನೆ. ಅದೇ ಫೋನಿನಲ್ಲಿ ಅವರ ಬಗ್ಗೆ ಬರುವುದನ್ನು ನೋಡಿದರೆ ನನಗೇ ಮೈ ಉರಿಯುತ್ತದೆ. ಇನ್ನು ಯಾವ ಬಾಯಲ್ಲಿ ಹೇಳಲಿ?”

ಹೀಗೆ ಕೇಳಿದವಳು ಮಕ್ಕಳಿಗೆ ಫೋನಿನಲ್ಲಿ ಧರ್ಮಪಾಠ ಮಾಡುವ ಮುಬೀನಾ. ಓಣಿಯ ಹೆಣ್ಣುಮಕ್ಕಳಿಗೆಲ್ಲ ಕುರಾನ್ ಓದಲು ಕಲಿಸಿದ ಜುಲೇಖಾ ಆಪಾ, ಎಲೆಯಡಿಕೆಯನ್ನು ದವಡೆಗೆ ಸರಿಸಿ ಹೇಳಿದರು:

ಒಬ್ಬ ಅತ್ತರಿನ ವ್ಯಾಪಾರಿ ಇದ್ದ. ಓದಿದವನು, ಓದಿದ್ದೇನೆಂದು ಊರಿಗೆಲ್ಲ ತಿಳಿಸಿದವನು. ಪ್ರವಾದಿಯವರ ಮಾತನ್ನು ಯಾರಾದರೂ ಹೇಳಿದರೆ, ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ಬುಡದವರೆಗೆ ವಿಚಾರಿಸುವುದು ನಮ್ಮಲ್ಲಿ ಹಳೆಯ ಕ್ರಮ. ನಡುವೆ ಒಂದು ಹೆಸರು ತಪ್ಪಿದರೂ ಇವನು ಒಪ್ಪುತ್ತಿರಲಿಲ್ಲ. ಇವನ ನಾಲಿಗೆಗೆ ಹೆದರಿ ಮೌಲ್ವಿಗಳೇ ಮಾತು ನುಂಗುತ್ತಿದ್ದರು.

ಅವನ ಅಂಗಡಿ ದರ್ಗಾದ ಬಾಗಿಲಲ್ಲಿ. ಪಕ್ಕದಲ್ಲೇ ಒಬ್ಬ ಹೂವಾಡಗಿತ್ತಿ, ಹಿಂದೂ ಹೆಂಗಸು. ದರ್ಗಾದ ಗೋರಿಗೆ ಹೊದಿಸುವ ಹೂವಿನ ಚಾದರ ಅವಳ ಕೈಯದೇ. ಅವಳ ಒಲೆ ಉರಿಯುತ್ತಿದ್ದುದೂ ಅದರಿಂದಲೇ.

ಉರುಸಿಗೆ ಮುಂಚೆ ವ್ಯಾಪಾರಿಯ ಫೋನಿಗೆ ಸುದ್ದಿ ಬಂತು: ‘ಹೂವಿನವಳು ಗುಡಿಯ ಮಾಲೆಗೆ ನಲ್ಲಿ ನೀರು ಚಿಮುಕಿಸುತ್ತಾಳೆ, ದರ್ಗಾದ ಚಾದರಕ್ಕೆ ಚರಂಡಿ ನೀರು.’ ಇಂಥ ಸುದ್ದಿ ಬಿಸಿ ಬೋಂಡದ ಹಾಗೆ, ಕೈ ಸುಟ್ಟರೂ ಯಾರೂ ಕೆಳಗಿಡುವುದಿಲ್ಲ. ಅವನೂ ಮಸೀದಿಯ ಜಮಾತಿನವರ ಫೋನ್ ಗುಂಪಿಗೆ ದಾಟಿಸಿದ. ಸಂಜೆಯಷ್ಟರಲ್ಲಿ ಅವಳ ಬುಟ್ಟಿಯ ಹತ್ತಿರ ನರಪಿಳ್ಳೆಯೂ ಸುಳಿಯಲಿಲ್ಲ. ಉರುಸಿನ ಚಾದರ ಬೇರೆಯವರ ಪಾಲಾಯಿತು.

ಅವಳು ಅವನ ಅಂಗಡಿಗೇ ಬಂದು ನಿಂತಳು.

‘ಸಾಹೇಬರೇ, ಇದನ್ನು ನಿಮಗೆ ಯಾರು ಹೇಳಿದ್ದು?’

‘ಊರೇ ಹೇಳುತ್ತಿದೆಯಲ್ಲಮ್ಮ.’

‘ಊರಿಗೆ ಎಲ್ಲಿಯ ಬಾಯಿ? ಹೇಳಿದವರಿಗೆ ಒಂದು ಹೆಸರಿರಬೇಕಲ್ಲ.’

ಮಸೀದಿಯಲ್ಲಿ ತಾನು ಎಲ್ಲರಿಗೂ ಹಾಕುವ ಪ್ರಶ್ನೆ. ಅವನಿಗೆ ಚುರುಕ್ಕೆಂದಿತು. ಸುದ್ದಿಯ ಬೆನ್ನು ಹತ್ತಿದ. ಕಳಿಸಿದವನು ಬಟ್ಟೆ ಅಂಗಡಿಯವನು. ಅವನಿಗೆ ಕಳಿಸಿದವಳು ಅವನ ಹೆಂಡತಿ. ಗಂಡಹೆಂಡಿರು ವರ್ಷದಿಂದ ಒಂದೇ ಮನೆಯಲ್ಲಿ ಮಾತು ಬಿಟ್ಟವರು, ಊಟಕ್ಕೆ ಕರೆಯುವುದಕ್ಕೂ ಬಾಯಿ ತೆರೆಯದವರು. ಇಂಥದ್ದನ್ನು ಕಳಿಸಲು ಮಾತ್ರ ಜಗಳ ಅಡ್ಡ ಬರಲಿಲ್ಲ. ಅವಳಿಗೆ ಹೇಳಿದವನು ವ್ಯಾಪಾರಿಯ ಸ್ವಂತ ಭಾವಮೈದುನ.

ಭಾವಮೈದುನ ನಕ್ಕುಬಿಟ್ಟ. ‘ಅವತ್ತು ಟೀ ಕುಡಿಯುವಾಗ ನೀವೇ ಅಂದಿರಲ್ಲ ಭಾವ, ನಲ್ಲಿ ಒಣಗಿದರೂ ಇವಳ ಮಲ್ಲಿಗೆ ಒದ್ದೆ, ಚರಂಡಿಯಿಂದ ತರುತ್ತಾಳೋ ಏನೋ ಅಂತ.’

ಗುಡಿಯ ಮಾತನ್ನು ದಾರಿಯಲ್ಲಿ ಯಾರೋ ಸೇರಿಸಿದ್ದರು. ತಾನು ಹೆತ್ತ ಮಾತು ಗಡ್ಡ ಬೆಳೆಸಿಕೊಂಡು ಮನೆಗೆ ಬಂದಾಗ ಅವನಿಗೆ ಗುರುತು ಸಿಕ್ಕಿರಲಿಲ್ಲ.

ತಪ್ಪು ನನ್ನದೆಂದು ಗುಂಪಿನಲ್ಲಿ ಬರೆದ. ಅದನ್ನು ಯಾರೂ ಮುಂದಕ್ಕೆ ದಾಟಿಸಲಿಲ್ಲ. ಹೂವಾಡಗಿತ್ತಿ ಬುಟ್ಟಿ ಎತ್ತಿಕೊಂಡು ಬೇರೆ ಊರಿಗೆ ಹೋದಳು.

ಆಪಾ ಕತೆ ನಿಲ್ಲಿಸಿದರು. ಮುಬೀನಾ ಕೇಳಿದಳು: “ಪ್ರತಿ ಮಾತಿಗೂ ಬುಡ ಕೇಳುವವನು ಈ ಮಾತಿಗೆ ಮಾತ್ರ ಯಾಕೆ ಕೇಳಲಿಲ್ಲ ಆಪಾ?”

“ಅವಳು ನಮ್ಮವಳಾಗಿದ್ದರೆ ಕೇಳುತ್ತಿದ್ದ.”